ದುಡಿಮೆಯ ಬಾಳಿನಲ್ಲಿ ಕೆಚ್ಚು



ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ಅಧ್ಯಾಪಿಕೆಯಾದವಳು ಕಾವ್ಯದ ಬಗೆಗೋ ವ್ಯಾಕರಣದ ಬಗೆಗೋ ಬರೆಯುವುದು ವಾಡಿಕೆ. ನಾನೂ ಹಿಂದಿನ ಸಂಚಿಕೆಗಳಲ್ಲಿ ಹಾಗೆಯೇ ಮಾಡಿದ್ದೇನೆ. ಈ ಸಲ ಆ ವಾಡಿಕೆಯನ್ನು ಬಿಟ್ಟು, ಉದ್ಯೋಗಕ್ಕೆ ಸೇರಿದ ಮನುಷ್ಯನಿಗೆ ಅತ್ಯಗತ್ಯವಾದ ಒಂದು ಗುಣದ ಕುರಿತು ಬರೆಯಲು ಹೊರಟಿದ್ದೇನೆ. ಅದಕ್ಕೆ ಕಾರಣವಿದೆ.

2020ನೆಯ ಇಸವಿಯಲ್ಲಿ ಕೊರೋನಾ ರೋಗ ಹರಡಿದಾಗ, ಗಲ್ಫಿನಲ್ಲಿ ಕೆಲಸಕ್ಕಿದ್ದ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಕೆಲಸ ಕಳೆದುಕೊಂಡು ಊರಿಗೆ ಮರಳಿದ. ಏ.ಸಿ. ರಿಪೇರಿಯಲ್ಲಿ ಪಳಗಿದ ಕೈ ಅವನದು. ಪ್ರತ್ಯೇಕ ವಾಸದ ದಿನಗಳು ಮುಗಿದ ಮೇಲೂ ಅವನು ಕೋಣೆಯಿಂದ ಹೊರಗೆ ಬರಲಿಲ್ಲ. ತಿಂಗಳು ಕಳೆದಾಗ ಅವನ ತಾಯಿ ನನ್ನ ಮನೆಗೆ ಬಂದು, "ಟೀಚರೇ, ಅವ ಊಟದ ಬಟ್ಟಲನ್ನೂ ಒಳಗೇ ತರಿಸಿಕೊಳ್ಳುತ್ತಾನೆ. ಅಪ್ಪನ ಮುಖ ನೋಡುವುದಿಲ್ಲ. ನೀವೊಮ್ಮೆ ಮಾತಾಡಬೇಕು" ಎಂದು ಕಣ್ಣೀರು ಹಾಕಿದರು. ನಾನು ಹೋದೆ. ಬಹಳ ಹೊತ್ತಿನ ಮೌನದ ಬಳಿಕ ಅವನು ಹೇಳಿದ್ದು ಇಷ್ಟು: "ಪಟ್ಟಿಯಲ್ಲಿ ನನ್ನ ಹೆಸರು ಇತ್ತು ಟೀಚರೇ, ಅಷ್ಟೆ. ಯಾಕೆಂದು ಯಾರೂ ಹೇಳಲಿಲ್ಲ. ನಾನು ಮಾಡಿದ ತಪ್ಪು ಏನೆಂದು ಈಗಲೂ ಯೋಚಿಸುತ್ತೇನೆ."

ಮೂರು ವರ್ಷ ನಾನು ಅವನಿಗೆ ಸಂಧಿ, ಸಮಾಸ, ಛಂದಸ್ಸುಗಳನ್ನು ಕಲಿಸಿದ್ದೆ. ಆ ದಿನಕ್ಕೆ ಬೇಕಾಗಿದ್ದ ಪಾಠವನ್ನು ಮಾತ್ರ ಕಲಿಸಿರಲಿಲ್ಲ. ಆ ಪಾಠವನ್ನು, ತಡವಾಗಿಯಾದರೂ, ನಿಮ್ಮ ಮುಂದೆ ಇಡುತ್ತಿದ್ದೇನೆ.

1. ಪದ ಮತ್ತು ಅರ್ಥ

ಕಷ್ಟ ಬಂದಾಗ ಕುಗ್ಗಿದರೂ ಮುರಿಯದೆ, ಮತ್ತೆ ತಲೆಯೆತ್ತಿ ನಿಲ್ಲುವ ಶಕ್ತಿಗೆ ಇಂಗ್ಲಿಷಿನಲ್ಲಿ 'ರೆಸಿಲಿಯೆನ್ಸ್' ಎಂಬ ಹೆಸರಿದೆ. 'ಹಿಂದಕ್ಕೆ ನೆಗೆ' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿ ಇದರ ನೆಂಟನೊಬ್ಬನಿದ್ದಾನೆ. ಅವನ ಹೆಸರು ಸ್ಥಿತಿಸ್ಥಾಪಕತೆ. ಎಳೆದ ಸ್ಪ್ರಿಂಗು ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಬರುವ ಗುಣವೇ ಅದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಇದರ ನಿಯಮವನ್ನು ಪ್ರಕಟಿಸಿದ. ಆದರೆ ಸ್ಪ್ರಿಂಗಿಗೂ ಒಂದು ಮಿತಿಯುಂಟು ಎಂಬುದನ್ನು ಮರೆಯಬಾರದು. ಆ ಮಿತಿಯನ್ನು ಮೀರಿ ಎಳೆದರೆ ಅದು ಹಿಂದಿನ ಆಕಾರಕ್ಕೆ ಬರಲಾರದು. ತಪ್ಪು ಆಗ ಸ್ಪ್ರಿಂಗಿನದಲ್ಲ, ಎಳೆದವನದು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕನ್ನಡದಲ್ಲಿ ಈ ಗುಣವನ್ನು ಹೇಳಲು ನನಗೆ ಹಿಡಿಸಿದ ಪದ 'ಕೆಚ್ಚು'. ಮರದ ನಡುವಿನ ಗಟ್ಟಿ ಭಾಗಕ್ಕೆ ಕೆಚ್ಚು ಎನ್ನುತ್ತೇವೆ. ಧೈರ್ಯಕ್ಕೂ ಕೆಚ್ಚು ಎನ್ನುತ್ತೇವೆ. ಮರದ ಕೆಚ್ಚಿಗೆ ನಮ್ಮ ನೆರೆಯ ಮಲಯಾಳದಲ್ಲಿ 'ಕಾತಲ್' ಎಂಬ ಪದವಿದೆ. ಸಾರ, ತಿರುಳು ಎಂಬ ಅರ್ಥವೂ ಅದಕ್ಕುಂಟು. ಹಲಸು, ತೇಗಗಳಲ್ಲಿ ಕೆಚ್ಚು ಒಂದೇ ದಿನ ಕೂಡುವುದಿಲ್ಲ. ವರ್ಷ ವರ್ಷದ ಬೆಳವಣಿಗೆಯಲ್ಲಿ ನಿಧಾನವಾಗಿ ಬಲಿಯುತ್ತದೆ.

ಅಡಿಕೆ ಮರವನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅದರ ನಡುವೆ ಕೆಚ್ಚೇ ಇಲ್ಲ, ಇರುವುದು ಮೆತ್ತನೆಯ ತಿರುಳು. ಸೀಳಿ, ತಿರುಳು ತೆಗೆದು, ನೀರು ಹರಿಸುವ ದಂಬೆ ಮಾಡುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಗಟ್ಟಿ ನಾರೆಲ್ಲ ಹೊರಸುತ್ತಿನಲ್ಲಿದೆ. ಹಾಗಿದ್ದರೂ ಆಷಾಢದ ಗಾಳಿಗೆ ಅದು ಬಾಗಿ ಬಾಗಿ ನಿಲ್ಲುತ್ತದೆ. ಏಕೆ? ಒಂದನೆಯದಾಗಿ, ಅದು ಬಾಗಲು ಬಲ್ಲದು. ಎರಡನೆಯದಾಗಿ, ತೋಟದ ನಡುವೆ ಅದು ಒಂಟಿಯಲ್ಲ. ಸುತ್ತಲಿನ ಮರಗಳು ಗಾಳಿಯನ್ನು ಹಂಚಿಕೊಳ್ಳುತ್ತವೆ. ಮನುಷ್ಯನ ಸ್ಥಿತಿಯೂ ಹೀಗೆಯೇ. ಅವನನ್ನು ನಿಲ್ಲಿಸುವುದು ಒಳಗಿನ ಕೆಚ್ಚು ಎಷ್ಟೋ, ಸುತ್ತಲಿನ ತೋಟವೂ ಅಷ್ಟೇ. ಈ ಎರಡನ್ನೂ ಬಿಡಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

2. ನಮ್ಮ ನೆರೆಯ ಒಂದು ಉದಾಹರಣೆ

ದೂರದ ದೇಶದ ಕಥೆಗೆ ಮೊದಲು ಹತ್ತಿರದ ಕಥೆಯನ್ನು ನೋಡೋಣ. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಅದಕ್ಕೆ ಮೊದಲು ಅದು ಕಣ್ಣೂರು ಜಿಲ್ಲೆಯ ಒಂದು ಭಾಗವಾಗಿತ್ತು. ಆ ಕಾಲದಲ್ಲಿ ಈ ಕರಾವಳಿಯ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿದ್ದುದು ಬೀಡಿ ಕಟ್ಟುವ ಕೆಲಸದಿಂದ. ದೊಡ್ಡ ಮಾಲಿಕರಲ್ಲಿ ಹಲವರು ಮಂಗಳೂರಿನವರು. ಕಾರ್ಮಿಕರಿಗೆ ಕೂಲಿ ಕಡಿಮೆ, ರಜೆಯಿಲ್ಲ, ಪಿಂಚಣಿಯಿಲ್ಲ. ಕಟ್ಟಿದ ಬೀಡಿಯಲ್ಲಿ ಇಷ್ಟು ಸರಿಯಿಲ್ಲವೆಂದು ತೆಗೆದುಹಾಕಿದರೆ ಕೇಳುವವರಿಲ್ಲ.

1966ರಲ್ಲಿ ಭಾರತದ ಸಂಸತ್ತು ಬೀಡಿ ಮತ್ತು ಚುಟ್ಟಾ ಕಾರ್ಮಿಕರ ಕೆಲಸದ ಪರಿಸ್ಥಿತಿಯ ಕುರಿತು ಒಂದು ಕಾಯಿದೆಯನ್ನು ಅಂಗೀಕರಿಸಿತು. ಕೆಲಸದ ಅವಧಿ, ರಜೆ, ಕೆಲಸದ ಸ್ಥಳದ ಸೌಕರ್ಯ ಇವುಗಳಿಗೆಲ್ಲ ಅದರಲ್ಲಿ ನಿಯಮಗಳಿದ್ದವು. ಕೇರಳ ಸರಕಾರ 1968ರಲ್ಲಿ ಅದನ್ನು ಜಾರಿಗೆ ತಂದಾಗ, ಖರ್ಚು ಹೆಚ್ಚುವುದೆಂದು ದೊಡ್ಡ ಮಾಲಿಕರು ಇಲ್ಲಿನ ತಮ್ಮ ಬೀಡಿ ಶಾಲೆಗಳ ಬಾಗಿಲು ಮುಚ್ಚಿದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ತಮ್ಮ ರಕ್ಷಣೆಗಾಗಿ ಬಂದ ಕಾಯಿದೆಯೇ ತಮ್ಮ ಅನ್ನವನ್ನು ಕಿತ್ತಿತಲ್ಲಾ ಎಂದು ಅವರಿಗೆ ಅನಿಸಿದ್ದರೆ ಅದು ಸಹಜವೇ.

ಆಗ ಅವರು ಮಾಡಿದ್ದೇನು? ಸರಕಾರದ ನೆರವಿನಿಂದ ತಾವೇ ಸಹಕಾರಿ ಸಂಘಗಳನ್ನು ಕಟ್ಟಿಕೊಂಡರು. 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕಾರ್ಮಿಕರ ಕೇಂದ್ರ ಸಹಕಾರಿ ಸಂಘ ಹುಟ್ಟಿತು. ಅದರ ಕೆಳಗೆ 20 ಪ್ರಾಥಮಿಕ ಸಂಘಗಳು. ಷೇರು ಹಣದ ಬಹುಪಾಲನ್ನು ಸರಕಾರ ಸಾಲವಾಗಿ ಕೊಟ್ಟಿತು. ಕೈಗಾರಿಕಾ ಇಲಾಖೆಯ ಅಧಿಕಾರಿಯಾಗಿದ್ದ ಜಿ. ಕೆ. ಪಣಿಕ್ಕರ್ ಅಧ್ಯಕ್ಷರಾಗಿ ಬಂದು, ದೀರ್ಘಕಾಲ ಅದನ್ನು ನಡೆಸಿದರು. ಪ್ರಾಥಮಿಕ ಸಂಘಗಳ ಆಡಳಿತ ಮಂಡಳಿಯಲ್ಲಿ ಕಾರ್ಮಿಕರೇ ಚುನಾಯಿಸಿದವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ನಿನ್ನೆಯ ತನಕ ಮಾಲಿಕನ ಮುಂದೆ ತಲೆ ತಗ್ಗಿಸಿ ನಿಂತವರು ಇಂದು ಲೆಕ್ಕದ ಪುಸ್ತಕವನ್ನು ತಾವೇ ತೆರೆದು ನೋಡುವಂತಾಯಿತು. ಕಾಲಕ್ರಮದಲ್ಲಿ ಭವಿಷ್ಯನಿಧಿ, ಸಂಬಳ ಸಹಿತ ರಜೆ, ಹೆರಿಗೆಯ ಸೌಲಭ್ಯ, ಪಿಂಚಣಿಗಳೂ ಬಂದವು. 1980ರ ದಶಕದಲ್ಲಿ ಈ ಸಂಘಗಳಲ್ಲಿ ದುಡಿಯುವವರ ಸಂಖ್ಯೆ ಸುಮಾರು 42,000ಕ್ಕೆ ಏರಿತ್ತು.

ಈ ಬೀಡಿ ಶಾಲೆಗಳ ಒಂದು ಪದ್ಧತಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಸಂಘ ಹುಟ್ಟುವುದಕ್ಕೂ ಎಷ್ಟೋ ಮುಂಚಿನಿಂದ ಮಲಬಾರಿನ ಬೀಡಿ ಕಾರ್ಮಿಕರಲ್ಲಿ ಅದು ನಡೆದು ಬಂದಿತ್ತು. ಎಲ್ಲರೂ ಸಾಲಾಗಿ ಕುಳಿತು, ಮೊರವನ್ನು ಮಡಿಲಲ್ಲಿರಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುತ್ತಿರುವಾಗ, ಅವರಲ್ಲೊಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ. ಪತ್ರಿಕೆ ಮುಗಿದರೆ ಕಾದಂಬರಿ. ಓದುವವನ ಕೈ ಕೆಲಸ ನಿಂತಿತಲ್ಲ, ಅವನ ಕೂಲಿಗೇನು ಗತಿ? ಉಳಿದವರು ತಾವು ಕಟ್ಟಿದ ಬೀಡಿಯಲ್ಲಿ ಒಂದೊಂದು ಪಾಲನ್ನು ಅವನಿಗೆ ಕೊಡುತ್ತಿದ್ದರು. ಓದು ಬಾರದವನಿಗೂ ಲೋಕದ ಸುದ್ದಿ ತಿಳಿಯುತ್ತಿತ್ತು. ಓದಿದ್ದರ ಮೇಲೆ ಚರ್ಚೆ ನಡೆಯುತ್ತಿತ್ತು. ಬಾಗಿಲು ಮುಚ್ಚಿದ ದಿನ 12,000 ಜನ ಹನ್ನೆರಡು ಸಾವಿರ ಒಂಟಿಗಳಾಗಿ ಮನೆ ಸೇರದೆ ಒಂದು ಗುಂಪಾಗಿ ನಿಂತದ್ದಕ್ಕೆ ಈ ಓದು ಮತ್ತು ಚರ್ಚೆಗಳು ಕೊಟ್ಟ ಅಭ್ಯಾಸವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇದರ ಇನ್ನೊಂದು ಮುಖವನ್ನು ನಾನು ನನ್ನ ಮನೆಯಲ್ಲೇ ಕಂಡಿದ್ದೇನೆ. ನನ್ನ ತಾಯಿಯೂ ಬೀಡಿ ಕಟ್ಟುತ್ತಿದ್ದರು. ಸಂಘದಲ್ಲಿ ಅಲ್ಲ, ಗುತ್ತಿಗೆದಾರನಿಂದ ಎಲೆ ತಂದು ಮನೆಯಲ್ಲಿ. ರಾತ್ರಿ ನಮಗೆಲ್ಲ ಊಟ ಬಡಿಸಿದ ಬಳಿಕ ಚಿಮಣಿ ದೀಪದ ಮುಂದೆ ಅವರೊಬ್ಬರೇ. ಬೀಡಿ ಕಡಿಮೆಯಾದರೆ, ಎಲೆ ಒಣಗಿ ಒಡೆದರೆ, ಚಿಂತೆಯೂ ಅವರೊಬ್ಬರದೇ. ಮುಂದೆ ಅಕ್ಕಪಕ್ಕದ ನಾಲ್ಕು ಮಂದಿ ಹೆಂಗಸರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಒಟ್ಟಿಗೆ ಕುಳಿತು ಕಟ್ಟತೊಡಗಿದರು. ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ. ಕೂಲಿ ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಆದರೆ ತಾಯಿಯ ಮುಖದಲ್ಲಿ ನಗುವನ್ನು ನಾನು ಕಂಡದ್ದು ಆ ಜಗಲಿಯಲ್ಲಿ. ಗುತ್ತಿಗೆದಾರ ಬೀಡಿ ತಿರಸ್ಕರಿಸಿದ ದಿನ ಅವರು ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗುತ್ತಿದ್ದರು. ಒಮ್ಮೆ ನಾಲ್ವರೂ ಒಟ್ಟಾಗಿ ಹೋಗಿ ಕೇಳಿಯೂ ಬಂದರು.

ದಿನೇಶ್ ಸಂಘದ ಕಥೆ ಸುಖಾಂತವೆಂದು ಹೇಳಿ ಮುಗಿಸಿದರೆ ಅರ್ಧಸತ್ಯವಾಗುತ್ತದೆ. ಬೀಡಿ ಸೇದುವುದು ಆರೋಗ್ಯಕ್ಕೆ ಹಾನಿಕರ. ಅದರಿಂದ ಕ್ಯಾನ್ಸರ್, ಶ್ವಾಸಕೋಶದ ಮತ್ತು ಹೃದಯದ ರೋಗಗಳು ಬರುತ್ತವೆ. ನೀವು ಯಾರೂ ಅದರ ಹತ್ತಿರ ಸುಳಿಯಬಾರದು. ಈ ತಿಳುವಳಿಕೆ ಹಬ್ಬಿದಂತೆ ಬೀಡಿಯ ಬೇಡಿಕೆ ಕುಗ್ಗಿತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2003ರಲ್ಲಿ ಕೇಂದ್ರದ ತಂಬಾಕು ನಿಯಂತ್ರಣ ಕಾಯಿದೆಯೂ ಬಂತು. ಲೋಕಕ್ಕೆ ಒಳ್ಳೆಯದಾದದ್ದು ಈ ಕಾರ್ಮಿಕರಿಗೆ ಎರಡನೆಯ ಪೆಟ್ಟಾಯಿತು. ಆಗ ಸಂಘ 1990ರ ದಶಕದ ಕೊನೆಯಲ್ಲಿ ಆಹಾರ ಪದಾರ್ಥಗಳ ತಯಾರಿಗೆ, ಕೊಡೆಗಳ ತಯಾರಿಗೆ, ಮುಂದೆ ಸಿದ್ಧ ಉಡುಪು ಮತ್ತು ಮಾಹಿತಿ ತಂತ್ರಜ್ಞಾನದ ಕೆಲಸಗಳಿಗೂ ಕೈ ಹಾಕಿತು. ಎಲೆ ಸುತ್ತಿದ ಕೈಗಳು ಕೊಡೆಯ ಬಟ್ಟೆ ಹೊಲಿಯಲು ಕಲಿತವು. ಹಳೆಯ ಸಾವಿರಾರು ಕೆಲಸಗಳಿಗೆ ಹೊಸದು ಸಮನಾಗಲಿಲ್ಲ, ನಿಜ. ಆದರೆ ಸಂಘ ಮುಳುಗಲಿಲ್ಲ. ಮೊದಲಿದ್ದ ಸ್ಥಿತಿಗೇ ಮರಳುವುದು ಸ್ಪ್ರಿಂಗಿನ ಗುಣ. ಮೊದಲಿನ ಸ್ಥಿತಿ ಇನ್ನಿಲ್ಲವೆಂದಾದಾಗ ಹೊಸ ಸ್ಥಿತಿಯನ್ನು ಕಟ್ಟಿಕೊಳ್ಳುವುದು ಮನುಷ್ಯನ ಗುಣ.

3. ಅಮೆರಿಕದ ಒಂದು ಅಧ್ಯಯನ

ಇನ್ನು ದೂರದ ಉದಾಹರಣೆ. ಅಮೆರಿಕದ ಷಿಕಾಗೋ ನಗರದಲ್ಲಿ ಇಲಿನಾಯ್ ಬೆಲ್ ಎಂಬ ದೂರವಾಣಿ ಕಂಪನಿಯಿತ್ತು. ಸರಕಾರಿ ನೌಕರಿಯಷ್ಟೇ ಭದ್ರವೆಂದು ಜನ ಭಾವಿಸಿದ್ದ ಕೆಲಸ ಅಲ್ಲಿಯದು. ಷಿಕಾಗೋ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಸಾಲ್ವಟೋರ್ ಮಾಡಿ ಮತ್ತು ಅವರ ಸಂಗಡಿಗರು 1975ರಿಂದ ಆ ಕಂಪನಿಯ 450 ಮಂದಿ ಮೇಲ್ವಿಚಾರಕರನ್ನೂ ವ್ಯವಸ್ಥಾಪಕರನ್ನೂ ಪ್ರತಿ ವರ್ಷ ಪರೀಕ್ಷಿಸುತ್ತ ಬಂದರು: ಅವರ ಮನಸ್ಥಿತಿ ಹೇಗೆ, ದೇಹಸ್ಥಿತಿ ಹೇಗೆ, ಕೆಲಸ ಹೇಗೆ ಎಂದು. ಅಷ್ಟರಲ್ಲಿ, 1980ರ ದಶಕದ ಆರಂಭದಲ್ಲಿ, ದೂರವಾಣಿ ಉದ್ಯಮದ ಏಕಸ್ವಾಮ್ಯ ಮುರಿಯಿತು. 1984ರ ಜನವರಿ 1ರಂದು ಬೆಲ್ ಸಂಸ್ಥೆ ಹಲವು ಹೋಳುಗಳಾಯಿತು. ಈ ಗೊಂದಲದಲ್ಲಿ ಇಲಿನಾಯ್ ಬೆಲ್ಲಿನ ನೌಕರರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಅಧ್ಯಯನಕ್ಕೆ ಒಳಪಟ್ಟವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಕುಸಿದರು. ಹೃದ್ರೋಗ, ಖಿನ್ನತೆ, ಕುಡಿತ, ವಿವಾಹ ವಿಚ್ಛೇದನ ಹೀಗೆ ಬೇರೆ ಬೇರೆ ರೂಪಗಳಲ್ಲಿ ಆ ಪೆಟ್ಟು ಕಾಣಿಸಿಕೊಂಡಿತು. ಮೂರರಲ್ಲಿ ಒಂದು ಪಾಲು ಜನ ಮಾತ್ರ ಅದೇ ಬಿರುಗಾಳಿಯಲ್ಲಿ ಆರೋಗ್ಯವನ್ನೂ ಉತ್ಸಾಹವನ್ನೂ ಉಳಿಸಿಕೊಂಡರು. ಕಂಪನಿ ಬಿಡಬೇಕಾಗಿ ಬಂದವರೂ ಬೇರೆಡೆ ನೆಲೆ ಕಂಡರು. ಇವರಲ್ಲಿ ಏನು ವಿಶೇಷ? ಮಾಡಿಯವರೊಡನೆ ಕೆಲಸ ಮಾಡಿದ ಸೂಸನ್ ಕೊಬಾಸಾ 1979ರಲ್ಲೇ ಇದಕ್ಕೆ 'ಗಟ್ಟಿತನ' ಎಂಬರ್ಥದ ಹೆಸರು ಕೊಟ್ಟು, ಅದರಲ್ಲಿ ಮೂರು ಅಂಶಗಳಿವೆಯೆಂದು ಪ್ರತಿಪಾದಿಸಿದ್ದರು.

ಮೊದಲನೆಯದು ತೊಡಗುವಿಕೆ. ಕಷ್ಟ ಬಂದಾಗ ಮುದುಡಿ ದೂರ ಸರಿಯದೆ, ಕೆಲಸದೊಡನೆಯೂ ಜನರೊಡನೆಯೂ ನಂಟನ್ನು ಉಳಿಸಿಕೊಳ್ಳುವುದು.

ಎರಡನೆಯದು ಹತೋಟಿಯ ನಂಬಿಕೆ. ಎಲ್ಲವೂ ನನ್ನ ಕೈಯಲ್ಲಿದೆ ಎಂಬ ಭ್ರಮೆ ಇದಲ್ಲ. ಎಂಥ ಪರಿಸ್ಥಿತಿಯಲ್ಲೂ ನಾನು ಮಾಡಬಹುದಾದದ್ದು ಏನೋ ಒಂದು ಉಂಟು, ಅದನ್ನು ಹುಡುಕುತ್ತೇನೆ ಎಂಬ ಪ್ರಯತ್ನ.

ಮೂರನೆಯದು ಸವಾಲಿನ ದೃಷ್ಟಿ. ಬದಲಾವಣೆ ಬಾಳಿನ ಸಹಜ ಧರ್ಮ, ಅದರಿಂದ ಕಲಿಯುವುದಿದೆ ಎಂದು ತಿಳಿಯುವುದು.

ಇನ್ನೊಂದು ಮಾತನ್ನು ಆ ಸಂಶೋಧಕರು ದಾಖಲಿಸಿದ್ದಾರೆ. ಗಟ್ಟಿಯಾಗಿ ನಿಂತವರಲ್ಲಿ ಅನೇಕರ ಬಾಲ್ಯ ಸುಖದ್ದಾಗಿರಲಿಲ್ಲ. ಮನೆಯಲ್ಲಿ ಕಾಯಿಲೆ, ಬಡತನ, ಊರಿಂದೂರಿಗೆ ಅಲೆದಾಟ ಇವನ್ನೆಲ್ಲ ಅವರು ಕಂಡಿದ್ದರು. ಆದರೆ ಅವರ ಮೇಲೆ ಮನೆಯವರಿಗೆ ಭರವಸೆಯಿತ್ತು, ಆ ಭರವಸೆಯನ್ನು ಅವರು ಒಪ್ಪಿಕೊಂಡಿದ್ದರು. ಕಷ್ಟದ ಮನೆಯಿಂದ ಬಂದ ನನ್ನ ವಿದ್ಯಾರ್ಥಿಗಳು ಈ ವಾಕ್ಯವನ್ನು ಎರಡು ಸಲ ಓದಬೇಕೆಂದು ನನ್ನ ಆಸೆ.

4. ಎಳೆಯುವವನ ಹೊಣೆ

ಇಷ್ಟನ್ನು ಓದಿ, 'ಕುಸಿದವನು ದುರ್ಬಲ, ಅವನಲ್ಲಿ ಕೆಚ್ಚಿಲ್ಲ' ಎಂದು ಯಾರಾದರೂ ತೀರ್ಮಾನಿಸಿದರೆ ಅದು ದೊಡ್ಡ ತಪ್ಪು. ಸ್ಪ್ರಿಂಗಿನ ಮಿತಿಯ ಮಾತನ್ನು ಇಲ್ಲಿ ನೆನೆಯಿರಿ.

ಇಂಗ್ಲೆಂಡಿನಲ್ಲಿ 1967ರಿಂದ ಸರಕಾರಿ ನೌಕರರ ಆರೋಗ್ಯದ ಕುರಿತು ವೈಟ್‌ಹಾಲ್ ಎಂಬ ಹೆಸರಿನ ಅಧ್ಯಯನ ನಡೆಯಿತು. ಮೇಲಧಿಕಾರಿಗಳಿಗೆ ಹೊಣೆ ಹೆಚ್ಚು, ಆದ್ದರಿಂದ ಹೃದಯಾಘಾತವೂ ಅವರಿಗೇ ಹೆಚ್ಚು ಎಂದು ಜನ ತಿಳಿದಿದ್ದರು. ಫಲಿತಾಂಶ ತದ್ವಿರುದ್ಧವಾಗಿತ್ತು. ಅತಿ ಕೆಳಗಿನ ದರ್ಜೆಯ ನೌಕರರು ಹೃದ್ರೋಗದಿಂದ ಸಾಯುವ ಪ್ರಮಾಣ ಅತ್ಯುನ್ನತ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. 1985ರಲ್ಲಿ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 10,308 ನೌಕರರ ಮೇಲೆ ಎರಡನೆಯ ಅಧ್ಯಯನ ಆರಂಭವಾಯಿತು. ತನ್ನ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬುದರಲ್ಲಿ ಸ್ವಂತದ ಮಾತೇ ನಡೆಯದಿರುವುದು ಹೃದಯಕ್ಕೆ ಕೇಡೆಂದು ಅದರಿಂದ ತಿಳಿದುಬಂತು. ಕೆಲಸದ ಭಾರ ಹೆಚ್ಚು, ನಿರ್ಧಾರದ ಸ್ವಾತಂತ್ರ್ಯ ಕಡಿಮೆ, ಈ ಎರಡೂ ಕೂಡಿದಾಗ ಮನಸ್ಸು ಬಳಲುವುದೆಂದು ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದ್ದರು.

ಆದಕಾರಣ ನೌಕರನಿಗೆ 'ಧೈರ್ಯವಾಗಿರು' ಎಂದು ಉಪದೇಶಿಸಿದರೆ ಮಾಲಿಕನ ಕರ್ತವ್ಯ ಮುಗಿಯಲಿಲ್ಲ. ನಿಮ್ಮಲ್ಲಿ ಕೆಲವರು ಮುಂದೆ ಅಂಗಡಿಯನ್ನೋ ಕಚೇರಿಯನ್ನೋ ನಡೆಸುವವರಿದ್ದೀರಿ. ನಿಮ್ಮ ಕೈಕೆಳಗೆ ಹತ್ತು ಜನ ದುಡಿಯುವಾಗ ಈ ಕೆಳಗಿನ ಮಾತುಗಳನ್ನು ನೆನಪಿಡಿ.

(ಅ) ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಡಿ. ಬೇಗನೆ, ಎದುರು ಕುಳಿತು, ಕಾರಣ ಸಹಿತ ಹೇಳಿರಿ.
(ಆ) ಕೆಲಸ ಮಾಡುವವನಿಗೆ ಅದನ್ನು ಮಾಡುವ ರೀತಿಯಲ್ಲಿ ಸ್ವಲ್ಪವಾದರೂ ಆಯ್ಕೆ ಕೊಡಿ.
(ಇ) ತಪ್ಪಾದಾಗ ಹತ್ತು ಜನರ ಮುಂದೆ ಹೀಯಾಳಿಸಬೇಡಿ. ಹೀಯಾಳಿಸಿದರೆ ಮುಂದಿನ ಸಲ ತಪ್ಪು ನಿಲ್ಲುವುದಿಲ್ಲ, ಅದು ನಿಮಗೆ ತಿಳಿಯುವುದು ಮಾತ್ರ ನಿಲ್ಲುತ್ತದೆ.
(ಈ) ವಿಶ್ರಾಂತಿ ಸೋಮಾರಿತನವಲ್ಲ. ಮೊನೆ ಸವೆದ ಕತ್ತಿಯನ್ನು ಮಸೆಯುವ ಹೊತ್ತೂ ಕೆಲಸದ ಹೊತ್ತೇ.
(ಉ) ಒಬ್ಬರೊಡನೊಬ್ಬರು ಮಾತಾಡಲು, ಒಟ್ಟಿಗೆ ಊಟ ಮಾಡಲು ಅವಕಾಶವಿರಲಿ. ಬೀಡಿ ಶಾಲೆಯ ಓದುಗನನ್ನು ಮರೆಯಬೇಡಿ.

ಇವುಗಳಲ್ಲಿ ಮೊದಲನೆಯದರ ಬೆಲೆ ನನಗೆ ಸ್ವಾನುಭವದಿಂದ ತಿಳಿದಿದೆ. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುವುದು ನಿಮಗೆ ಗೊತ್ತು. ನಿಮಗೆ ಅದು ಹಾಜರಿ. ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಅದು ಅನ್ನದ ಪ್ರಶ್ನೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ. ಡಿವಿಷನ್ ಹೋದರೆ ಹುದ್ದೆ ಹೋಗುತ್ತದೆ. ನಾನು ವೃತ್ತಿಗೆ ಸೇರಿದ ಹೊಸತರಲ್ಲಿ, ಬೇರೊಂದು ಶಾಲೆಯಲ್ಲಿ, ಹೀಗೆಯೇ ನನ್ನ ಹುದ್ದೆ ಹೋಯಿತು. ಆದರೆ ಅಲ್ಲಿನ ಮುಖ್ಯೋಪಾಧ್ಯಾಯರು ಮಾರ್ಚ್ ತಿಂಗಳಲ್ಲೇ ನನ್ನನ್ನು ಕರೆದು, ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟು, "ಲೆಕ್ಕ ನೀವೇ ನೋಡಿ. ಏಳು ಮಕ್ಕಳು ಬೇಕು. ನಾವು ಮನೆ ಮನೆಗೆ ಹೋಗೋಣ. ಸಿಗದಿದ್ದರೆ ಅದು ನಿಮ್ಮ ಪಾಠದ ದೋಷವಲ್ಲ, ಅದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದಿದ್ದರು. ಹಿರಿಯ ಸಹೋದ್ಯೋಗಿಗಳು ಬೇಸಗೆ ರಜೆಯಲ್ಲಿ ನನ್ನೊಡನೆ ಬಿಸಿಲಲ್ಲಿ ನಡೆದರು. ನಾಲ್ಕು ಮಕ್ಕಳು ಸಿಕ್ಕಿದರು, ಏಳು ಸಿಗಲಿಲ್ಲ. ಕೆಲಸ ಹೋದ ದಿನ ನಾನು ಅತ್ತೆ, ನಿಜ. ಆದರೆ ಮುರಿಯಲಿಲ್ಲ. ಏನಾಯಿತು, ಏಕಾಯಿತು ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಜೊತೆಗೆ ನಡೆದವರ ಮುಖಗಳೂ ಕಣ್ಣ ಮುಂದಿದ್ದವು. ಪಟ್ಟಿಯಲ್ಲಿ ಬರೇ ಹೆಸರನ್ನು ಕಂಡು ಮರಳಿದ ಆ ಹುಡುಗನಿಗೆ ಇವೆರಡೂ ಇರಲಿಲ್ಲ.

5. ಈಗಿನಿಂದಲೇ ಅಭ್ಯಾಸ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ನಿಮಗೆ ಗೊತ್ತು. ಉದ್ಯೋಗಕ್ಕೆ ಸೇರಿದ ಮೇಲೆ ಕೆಚ್ಚನ್ನು ಬೆಳೆಸುತ್ತೇನೆಂದು ಕಾಯಬೇಕಾಗಿಲ್ಲ. ಶಾಲೆಯಲ್ಲೇ ಆರಂಭಿಸಬಹುದಾದ ಕೆಲವು ಅಭ್ಯಾಸಗಳನ್ನು ಸೂಚಿಸುತ್ತೇನೆ.

ಒಂದು: ಸೋತಾಗ ಎರಡು ಪಟ್ಟಿ ಬರೆಯಿರಿ. ನನ್ನಿಂದಾದದ್ದು ಎಷ್ಟು, ನನ್ನ ಕೈಯಲ್ಲಿ ಇಲ್ಲದ್ದು ಎಷ್ಟು? ಮೊದಲನೆಯ ಪಟ್ಟಿಯಿಂದ ನಾಳೆ ಮಾಡಬೇಕಾದ ಒಂದು ಕೆಲಸವನ್ನು ಆರಿಸಿ. ಎರಡನೆಯದಕ್ಕಾಗಿ ನಿಮ್ಮನ್ನು ನೀವು ಬಯ್ದುಕೊಳ್ಳಬೇಡಿ.

ಎರಡು: ಒಂದಕ್ಕಿಂತ ಹೆಚ್ಚು ಕೆಲಸ ಕಲಿಯಿರಿ. ಗಡಿನಾಡಿನ ಮಕ್ಕಳಾದ ನಿಮಗೆ ಈ ವಿಷಯದಲ್ಲಿ ಒಂದು ಬಂಡವಾಳವಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಲಯಾಳದ ಅರ್ಜಿಯನ್ನು ಕಂಡು ಹೆದರಿ ಹಿಂದೆ ಸರಿದವರನ್ನೂ ನಾನು ನೋಡಿದ್ದೇನೆ, ಅದನ್ನೇ ಕಲಿತು ಎರಡೂ ಕಡೆ ಬೇಕಾದವರನ್ನೂ ನೋಡಿದ್ದೇನೆ. ನಾನು ಸ್ವತಃ ಎರಡು ಭಾಷೆಗಳಲ್ಲಿ ಓದಿದವಳು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ತಟ್ಟಲು ಆ ಎರಡನೆಯ ಭಾಷೆ ನನಗೆ ನೆರವಾಗಿದೆ.

ಮೂರು: ಸಂಬಳ ಬಂದಾಗ, ಅದು ಎಷ್ಟೇ ಚಿಕ್ಕದಿರಲಿ, ಒಂದಂಶವನ್ನು ಕೂಡಿಡಿ. ಮೂರು ತಿಂಗಳ ಖರ್ಚು ಕೈಯಲ್ಲಿರುವವನ ಧೈರ್ಯವೇ ಬೇರೆ. ಧೈರ್ಯಕ್ಕೂ ಅನ್ನಕ್ಕೂ ಸಂಬಂಧವಿಲ್ಲವೆನ್ನುವವರು ಹಸಿದು ಕಂಡವರಲ್ಲ.

ನಾಲ್ಕು: ನಿದ್ದೆ, ಊಟ, ಮೈದಾನದ ಆಟ ಇವನ್ನು ಕಡೆಗಣಿಸಬೇಡಿ. ದಣಿದ ದೇಹದಲ್ಲಿ ಮನಸ್ಸು ಸಣ್ಣ ಮಾತಿಗೂ ನೋಯುತ್ತದೆ.

ಐದು: ನೋವನ್ನು ಹೇಳಿಕೊಳ್ಳಲು ನಾಚಬೇಡಿ. ಗೆಳೆಯರಿಗೆ ಹೇಳಿ, ಮನೆಯವರಿಗೆ ಹೇಳಿ, ಅಧ್ಯಾಪಕರಿಗೆ ಹೇಳಿ. ಹತ್ತಿರದವರಿಗೆ ಹೇಳಲಾಗದಿದ್ದರೆ 2022ರಲ್ಲಿ ಭಾರತ ಸರಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯಿದೆ, ಸಂಖ್ಯೆ 14416. ಜ್ವರಕ್ಕೆ ವೈದ್ಯರ ಬಳಿಗೆ ಹೋಗುವುದು ಹೇಗೆ ಹೇಡಿತನವಲ್ಲವೋ, ಇದೂ ಹಾಗೆಯೇ.

ಆರು: ಸಹಿಸುವುದು ಬೇರೆ, ಕೆಚ್ಚು ಬೇರೆ. ಅನ್ಯಾಯವನ್ನು ಬಾಯಿ ಮುಚ್ಚಿ ಸಹಿಸಿಕೊಂಡಿರುವುದು ಈ ಪಾಠದ ಸಾರವಲ್ಲ. ಒಟ್ಟಾಗಿ ಹೋಗಿ ಕೇಳುವುದೂ, ಮಿತಿ ಮೀರಿದಾಗ ಆ ಕೆಲಸವನ್ನು ಬಿಟ್ಟು ಬರುವುದೂ ಕೆಚ್ಚೇ. ನನ್ನ ತಾಯಿ ಮತ್ತು ಅವರ ಮೂವರು ಗೆಳತಿಯರು ಗುತ್ತಿಗೆದಾರನ ಬಾಗಿಲಿಗೆ ನಡೆದ ದಿನ ನನಗೆ ಈ ವ್ಯತ್ಯಾಸ ತಿಳಿಯಿತು.

6. ಉಪಸಂಹಾರ

ಆ ಹುಡುಗನ ವಿಷಯ ಏನಾಯಿತೆಂದು ನೀವು ಕೇಳಬಹುದು. ಅಂದು ನಾನು ಅವನಿಗೆ ದೊಡ್ಡ ಮಾತುಗಳನ್ನೇನೂ ಹೇಳಲಿಲ್ಲ. ಪಟ್ಟಿಯಲ್ಲಿ ಒಟ್ಟು ಎಷ್ಟು ಹೆಸರುಗಳಿದ್ದವೆಂದು ಕೇಳಿದೆ. ನೂರಕ್ಕಿಂತ ಹೆಚ್ಚು ಎಂದ. "ನೂರು ಮಂದಿಯೂ ಒಂದೇ ದಿನ ತಪ್ಪು ಮಾಡಿದರೇ?" ಎಂದೆ. ಅವನು ಉತ್ತರಿಸಲಿಲ್ಲ, ಆದರೆ ತಿಂಗಳ ಬಳಿಕ ಮೊದಲ ಬಾರಿಗೆ ತಲೆಯೆತ್ತಿ ನೋಡಿದ. ಹೊರಡುವಾಗ, ನಮ್ಮ ಮನೆಯ ಹಳೆಯ ಫ್ರಿಜ್ಜು ಕೆಟ್ಟಿದೆ, ಒಮ್ಮೆ ನೋಡಬಹುದೇ ಎಂದು ಕೇಳಿದೆ. ಅದು ಕೆಟ್ಟದ್ದೂ ನಿಜವೇ. ನಾಲ್ಕು ದಿನ ಬಿಟ್ಟು ಬಂದ. ರಿಪೇರಿ ಮಾಡಿ, ಕೈ ತೊಳೆದು, ನಮ್ಮ ಜಗಲಿಯಲ್ಲಿ ಕುಳಿತು ಚಹಾ ಕುಡಿದ. ನೆರೆಯವರು ತಮ್ಮ ಮನೆಗೂ ಕರೆದರು. ಒಡನೆ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ವೈದ್ಯರ ಸಲಹೆಯೂ ಬೇಕಾಯಿತು, ಒಂದು ವರ್ಷ ಹಿಡಿಯಿತು. ಈಗ ಸಮೀಪದ ಪೇಟೆಯಲ್ಲಿ ಸ್ವಂತ ರಿಪೇರಿ ಅಂಗಡಿ ಇಟ್ಟಿದ್ದಾನೆ. ಇಬ್ಬರು ಹುಡುಗರು ಅವನ ಕೈಕೆಳಗೆ ಕಲಿಯುತ್ತಿದ್ದಾರೆ. ಕೆಲಸ ಕಡಿಮೆಯಾದ ತಿಂಗಳಲ್ಲಿ ಲೆಕ್ಕದ ಪುಸ್ತಕವನ್ನು ಅವರ ಮುಂದಿಟ್ಟು ತೋರಿಸುತ್ತಾನಂತೆ.

ಅವನು ನನ್ನ ತರಗತಿಯಲ್ಲಿ ಛಂದಸ್ಸಿನಲ್ಲಿ ಹಿಂದಿದ್ದ. ಈ ಪಾಠದಲ್ಲಿ ಮಾತ್ರ ನನಗಿಂತ ಮುಂದೆ ಹೋಗಿದ್ದಾನೆ.

ಅಭ್ಯಾಸ

1. 'ಕೆಚ್ಚು' ಪದದ ಎರಡು ಅರ್ಥಗಳನ್ನು ಬರೆದು, ಪ್ರತಿಯೊಂದನ್ನೂ ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿರಿ.
2. 1968ರಲ್ಲಿ ಬೀಡಿ ಶಾಲೆಗಳು ಮುಚ್ಚಿದಾಗ ಕಾರ್ಮಿಕರು ಒಗ್ಗಟ್ಟಾಗಿ ನಿಲ್ಲಲು ನೆರವಾದ ಸಂಗತಿಗಳು ಯಾವುವು?
3. ಇಲಿನಾಯ್ ಬೆಲ್ ಅಧ್ಯಯನವನ್ನೂ ವೈಟ್‌ಹಾಲ್ ಅಧ್ಯಯನವನ್ನೂ ಹೋಲಿಸಿರಿ. ಒಂದು ಕೆಚ್ಚಿನ ಕುರಿತು, ಇನ್ನೊಂದು ತೋಟದ ಕುರಿತು ಹೇಳುತ್ತದೆ ಎಂಬ ಮಾತು ಸರಿಯೇ?
4. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಕೆಲಸ ಕಳೆದುಕೊಂಡು ಮತ್ತೆ ಎದ್ದು ನಿಂತವರೊಬ್ಬರನ್ನು ಮಾತನಾಡಿಸಿ, ಅವರಿಗೆ ಯಾವುದು ನೆರವಾಯಿತೆಂದು ಕೇಳಿ, ಒಂದು ಪುಟ ಬರೆಯಿರಿ. ಹೇಳಲು ಅವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯಿಸಬೇಡಿರಿ. ಅವರೊಡನೆ ಸ್ವಲ್ಪ ಹೊತ್ತು ಕುಳಿತು ಬನ್ನಿರಿ.